ಔಷಧ ಪರಿವೀಕ್ಷಕನ ಪರೀಕ್ಷೆ



ಕಳೆದ ತಿಂಗಳ ಒಂದು ಸಾಯಂಕಾಲ, ಕೊಟ್ಟೂರಿನ ನಮ್ಮ ಬೀದಿಯ ಗೃಹಸ್ಥರೊಬ್ಬರು ನಮ್ಮ ಮನೆಯ ಜಗುಲಿಯ ಮೇಲೆ ಬಂದು ಕುಳಿತರು. ಅವರು ದಲಾಲಿ ಅಂಗಡಿಯೊಂದರಲ್ಲಿ ಮೂವತ್ತು ವರ್ಷಗಳಿಂದ ಗುಮಾಸ್ತರಾಗಿರತಕ್ಕವರು. ಲೆಕ್ಕದಲ್ಲಿ ಖಚಿತರು, ಮಾತಿನಲ್ಲಿ ಮಿತರು. ನೀರು ಕುಡಿದು, ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೇಷ್ಟ್ರೇ, ಮಗಳನ್ನು ಇನ್ನೆಷ್ಟು ದಿನ ಓದಿಸಲಿ?” ಎಂದು ಕೇಳಿದರು.

ಅವರ ಮಗಳು ನಾಲ್ಕು ವರ್ಷಗಳ ವ್ಯಾಸಂಗವನ್ನು ಮುಗಿಸಿ ಬಿ. ಫಾರ್ಮ. ಪದವಿಯನ್ನು ಪಡೆದಿರುವಳು. ಈಗ ಎರಡು ವರ್ಷಗಳಿಂದ ಮನೆಯಲ್ಲಿಯೇ ಕುಳಿತು, ಜನರು ಡ್ರಗ್ಸ್ ಇನ್‌ಸ್ಪೆಕ್ಟರೆಂದು ಕರೆಯುವ ಔಷಧ ಪರಿವೀಕ್ಷಕರ ಹುದ್ದೆಯ ಪರೀಕ್ಷೆಗೆ ಸಿದ್ಧಳಾಗುತ್ತಿರುವಳು. ಬೆಳಗಿನ ಜಾವ ದೀಪ ಹಚ್ಚಿದರೆ ರಾತ್ರಿ ಹತ್ತಕ್ಕೆ ಆರಿಸುವಳು. “ಓದುವುದು ಕಾಣುತ್ತದೆ, ಓದಿದ್ದು ಕಾಣುವುದಿಲ್ಲ” ಎಂದು ತಂದೆಯು ನಿಟ್ಟುಸಿರು ಬಿಟ್ಟರು. ಅವಳ ಹಿಂದೆ ಓದುವ ತಮ್ಮನೊಬ್ಬನಿದ್ದಾನೆ. ಹಡಗಲಿಯ ಕಡೆಯಿಂದ ಒಂದು ಸಂಬಂಧವೂ ಕೇಳಿಬಂದಿದೆ. ನೆಂಟರಿಷ್ಟರ ಬಾಯಿಗೆ ಕಟ್ಟೆಯಿಲ್ಲ.

ಹೀಗೆಂದ ಮೇಲೆ ಅವರು ಧ್ವನಿಯನ್ನು ತಗ್ಗಿಸಿ ಇನ್ನೊಂದು ಮಾತನ್ನು ಹೇಳಿದರು. ಬೇರೊಂದು ಊರಿನ ಔಷಧದಂಗಡಿಯವರೊಬ್ಬರು ಇವರನ್ನು ಕಂಡು, “ನಿಮ್ಮ ಮಗಳ ಸರ್ಟಿಫಿಕೇಟನ್ನು ನಮ್ಮ ಅಂಗಡಿಯಲ್ಲಿ ತೂಗುಹಾಕಲು ಕೊಡಿರಿ, ಅವಳು ಬರಬೇಕಾದ್ದಿಲ್ಲ, ತಿಂಗಳು ತಿಂಗಳಿಗೆ ಹಣ ಕಳುಹಿಸುತ್ತೇವೆ” ಎಂದಿದ್ದರಂತೆ. “ಓದಿಗೂ ಅಡ್ಡಿಯಿಲ್ಲ, ಮನೆಗೂ ಆಧಾರವಾಗುತ್ತದೆ. ಮಗಳಿಗೆ ಇನ್ನೂ ಹೇಳಿಲ್ಲ. ತಾವೇನೆನ್ನುತ್ತೀರಿ?” ಎಂದು ನನ್ನ ಮುಖವನ್ನು ನೋಡಿದರು.

ನಾನು ಆ ದಿನ ಉತ್ತರ ಕೊಡಲಿಲ್ಲ. ಮಗಳನ್ನು ಕರೆದುಕೊಂಡು ಭಾನುವಾರ ಬನ್ನಿರೆಂದು ಹೇಳಿ ಕಳುಹಿಸಿದೆನು. ಈ ತಿಂಗಳ ನನ್ನ ಬರಹವು ಆ ಭಾನುವಾರದ ಮಾತುಕತೆಯ ಫಲವಾಗಿರುತ್ತದೆ. ಒಂದು ಮನೆಯ ಸಂಗತಿಯನ್ನು ಹತ್ತು ಮನೆಯವರ ಮುಂದೆ ಇಡುವುದೇಕೆಂದರೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳಲ್ಲಿ ಇಂಥ ಮನೆಗಳು ಈಗ ವಿರಳವಲ್ಲ. ಹರಪನಹಳ್ಳಿಯಲ್ಲಿಯೇ ಟಿ. ಎಂ. ಎ. ಇ. ಸಂಸ್ಥೆಯ ಫಾರ್ಮಸಿ ಕಾಲೇಜು ಇರುವುದರಿಂದ ನಮ್ಮ ಮಕ್ಕಳು ದೂರ ಹೋಗದೆ ಈ ವಿದ್ಯೆಯನ್ನು ಕಲಿಯಬಲ್ಲರು. ಕಲಿತ ಮೇಲೆ ಮುಂದೇನೆಂಬ ಪ್ರಶ್ನೆಯು ಮಾತ್ರ ಅವರೊಡನೆ ಮನೆಗೆ ಬರುತ್ತದೆ.

ಮೊದಲು ಈ ಹುದ್ದೆಯ ಸ್ವರೂಪವನ್ನು ತಿಳಿಯೋಣ. ಔಷಧದಂಗಡಿಗಳನ್ನೂ ಔಷಧ ತಯಾರಿಸುವ ಕಾರ್ಖಾನೆಗಳನ್ನೂ ಪ್ರವೇಶಿಸಿ ನೋಡುವುದು, ಲೈಸೆನ್ಸಿನ ನಿಬಂಧನೆಗಳು ನಡೆಯುತ್ತಿವೆಯೇ ಎಂದು ಪರಿಶೀಲಿಸುವುದು, ಸಂದೇಹ ಬಂದ ಔಷಧದ ಮಾದರಿಯನ್ನು ತೆಗೆದು ಪರೀಕ್ಷೆಗೆ ಕಳುಹಿಸುವುದು, ತಪ್ಪು ಸಿದ್ಧವಾದಲ್ಲಿ ನ್ಯಾಯಾಲಯದ ಮುಂದೆ ಹೋಗುವುದು, ಇವೇ ಆ ಅಧಿಕಾರಿಯ ಕರ್ತವ್ಯಗಳು. ೧೯೪೫ರ ಔಷಧ ನಿಯಮಗಳಲ್ಲಿ ೪೯ನೆಯ ನಿಯಮವು ಆತನ ಅರ್ಹತೆಯನ್ನು ಹೇಳುತ್ತದೆ: ಫಾರ್ಮಸಿಯಲ್ಲಿ ಪದವಿಯಿರಬೇಕು, ಅಥವಾ ಔಷಧಗುಣಶಾಸ್ತ್ರದಲ್ಲಿಯೋ ಸೂಕ್ಷ್ಮಜೀವಿಶಾಸ್ತ್ರದಲ್ಲಿಯೋ ವಿಶೇಷ ಪರಿಣತಿಯುಳ್ಳ ವೈದ್ಯಪದವಿಯಿರಬೇಕು. ಲಸಿಕೆ, ಇನ್ಸುಲಿನ್ ಮೊದಲಾದ ವಿಶೇಷ ದ್ರವ್ಯಗಳ ತಯಾರಿಕೆಯನ್ನು ಪರಿವೀಕ್ಷಿಸತಕ್ಕವನಿಗೆ ಹದಿನೆಂಟು ತಿಂಗಳಿಗೆ ಕಡಮೆಯಿಲ್ಲದ ಅನುಭವವೂ ಬೇಕು. ನಮ್ಮ ರಾಜ್ಯದ ಹುದ್ದೆಗಳಿಗೆ ಕರ್ನಾಟಕ ಲೋಕಸೇವಾ ಆಯೋಗವೂ, ಕೇಂದ್ರದ ಹುದ್ದೆಗಳಿಗೆ ಕೇಂದ್ರ ಲೋಕಸೇವಾ ಆಯೋಗವೂ ಆಯ್ಕೆಯನ್ನು ನಡೆಸುತ್ತವೆ.

ಇನ್ನು ಈ ಶಾಸನವು ಹುಟ್ಟಿದ ಬಗೆ. ೧೯೩೦ರಲ್ಲಿ ಕರ್ನಲ್ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಔಷಧ ವಿಚಾರಣಾ ಸಮಿತಿಯೊಂದು ನೇಮಕವಾಯಿತು. ದೇಶದ ಪೇಟೆಗಳಲ್ಲಿ ಕಲಬೆರಕೆಯ, ಸತ್ತ್ವಹೀನವಾದ ಔಷಧಗಳು ತುಂಬಿದ್ದ ಕಾಲವದು. ಆ ಸಮಿತಿಯ ವರದಿಯ ಫಲವಾಗಿ ೧೯೪೦ರಲ್ಲಿ ಔಷಧ ಶಾಸನವೂ, ೧೯೪೫ರಲ್ಲಿ ಅದರ ನಿಯಮಗಳೂ, ೧೯೪೮ರಲ್ಲಿ ಫಾರ್ಮಸಿ ಶಾಸನವೂ ಬಂದವು. ಆಗ ನಮ್ಮ ಬಳ್ಳಾರಿ ಸೀಮೆಯು ಮದರಾಸು ಪ್ರಾಂತದಲ್ಲಿತ್ತು.

ಅದೇ ಕಾಲದಲ್ಲಿ, ಎಂದರೆ ೧೯೩೭ರಲ್ಲಿ, ಅಮೆರಿಕಾ ದೇಶದಲ್ಲಿ ಒಂದು ಘೋರವು ನಡೆಯಿತು. ಸಲ್ಫನಿಲಮೈಡ್ ಎಂಬ ಒಳ್ಳೆಯ ಔಷಧವನ್ನು ಕುಡಿಯುವುದಕ್ಕೆ ಅನುಕೂಲವಾಗಲೆಂದು ಡೈಎಥಿಲೀನ್ ಗ್ಲೈಕಾಲ್ ಎಂಬ ಸಿಹಿಯಾದ ದ್ರವದಲ್ಲಿ ಕರಗಿಸಿ ಮಾರಿದರು. ಆ ದ್ರವವು ವಿಷ. ನೂರಕ್ಕೂ ಹೆಚ್ಚು ಜನರು ಮೃತರಾದರು. ಆಗಿನ ಕಾನೂನಿನಲ್ಲಿ ವಿಷವನ್ನು ಮಾರಿದರೆಂಬ ಅಪರಾಧವನ್ನು ಹೊರಿಸಲು ಎಡೆಯಿರಲಿಲ್ಲ. ಎಲಿಕ್ಸಿರ್ ಎಂಬ ಹೆಸರಿದ್ದರೆ ಅದರಲ್ಲಿ ಮದ್ಯಸಾರವಿರಬೇಕು, ಇದರಲ್ಲಿಲ್ಲ, ಆದ್ದರಿಂದ ಹೆಸರು ತಪ್ಪು ಎಂಬಷ್ಟೇ ಆಧಾರದ ಮೇಲೆ ಸರ್ಕಾರವು ಆ ಸೀಸೆಗಳನ್ನು ವಶಪಡಿಸಿಕೊಳ್ಳಬೇಕಾಯಿತು. ಮರುವರ್ಷವೇ ಅಲ್ಲಿ ಹೊಸ ಶಾಸನವು ಬಂದಿತು. ಅದೇ ವಿಷವು ೧೯೮೬ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಗ್ಲಿಸರಿನ್ನಿನೊಡನೆ ಬೆರೆತು ಹದಿನಾಲ್ಕು ರೋಗಿಗಳ ಪ್ರಾಣವನ್ನು ತೆಗೆಯಿತು. ನ್ಯಾಯಮೂರ್ತಿ ಲೆಂಟಿನ್ ಅವರು ಆ ಸಂಗತಿಯನ್ನು ವಿಚಾರಣೆ ಮಾಡಿದರು. ೨೦೨೫ರಲ್ಲಿ ಮಧ್ಯಪ್ರದೇಶದ ಛಿಂದವಾಡಾ ಜಿಲ್ಲೆಯಲ್ಲಿ ಕೆಮ್ಮಿನ ಔಷಧದ ಮೂಲಕ ಇಪ್ಪತ್ತಕ್ಕೂ ಹೆಚ್ಚು ಎಳೆಯ ಮಕ್ಕಳನ್ನು ಕೊಂದದ್ದೂ ಅದೇ.

ಇವೆಲ್ಲವೂ ದೂರದ ಕಥೆಗಳೆಂದು ಭಾವಿಸಬೇಡಿರಿ. ೨೦೨೪ರ ನವೆಂಬರ್ ತಿಂಗಳಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಿಂದ ಪ್ರಸವಿಸಿದ ತಾಯಂದಿರಲ್ಲಿ ಐವರು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡರು. ಅವರಿಗೆ ರಕ್ತನಾಳದ ಮೂಲಕ ಕೊಟ್ಟ ರಿಂಗರ್ ಲ್ಯಾಕ್ಟೇಟ್ ಎಂಬ ದ್ರಾವಣದ ಮೇಲೆ ಸಂದೇಹ ಬಂದು, ಸರ್ಕಾರವು ಅದರ ಬಳಕೆಯನ್ನು ನಿಲ್ಲಿಸಿ, ವಿಚಾರಣೆಗೆ ಆಜ್ಞೆ ಮಾಡಿ, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತಿನಲ್ಲಿಟ್ಟಿತು. ೨೦೨೧ರಲ್ಲಿ ವಿಜಯನಗರ ಜಿಲ್ಲೆಯಾಗುವ ತನಕ ನಮ್ಮದೂ ಬಳ್ಳಾರಿ ಜಿಲ್ಲೆಯೇ. ಇಂದಿಗೂ ಹೆರಿಗೆಯು ಕಷ್ಟವಾದರೆ ನಮ್ಮವರು ಬಳ್ಳಾರಿಯ ದಾರಿಯನ್ನೇ ಹಿಡಿಯುವರು. ಹಾಲು ಕುಡಿಯುವ ಕೂಸು ತಾಯಿಯನ್ನು ಕಳೆದುಕೊಂಡ ಮನೆಗಳು ನಮ್ಮ ನೆರೆಯಲ್ಲಿಯೇ ಇವೆ. ಆದುದರಿಂದ ಈ ಪರೀಕ್ಷೆಗೆ ಓದುವವರು ಯಾವ ಕೆಲಸಕ್ಕಾಗಿ ಓದುತ್ತಿರುವರೆಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಸಂಬಳ, ವಾಹನ, ಗೌರವ, ಇವು ಆಮೇಲಿನವು.

ಇಲ್ಲಿ ನನ್ನ ಒಂದು ತಪ್ಪನ್ನು ಒಪ್ಪಿಕೊಳ್ಳುವುದು ಉಚಿತವಾಗಿದೆ. ಹಲವು ವರ್ಷಗಳ ಹಿಂದೆ ನನ್ನ ಶಿಷ್ಯನೊಬ್ಬನು ಇದೇ ಪರೀಕ್ಷೆಗೆ ಕುಳಿತನು. ಅವನು ಬಹಳ ಮೇಧಾವಿ. ಶಾಲೆಯಲ್ಲಿ ಅಮರಕೋಶವನ್ನು ತಡೆಯಿಲ್ಲದೆ ಒಪ್ಪಿಸುತ್ತಿದ್ದವನು. “ಕಾಯಿದೆಯನ್ನೂ ಹಾಗೆಯೇ ಕಂಠಪಾಠ ಮಾಡು” ಎಂದು ನಾನೇ ಬೋಧಿಸಿದೆನು. ಅವನು ಕಲಮುಗಳನ್ನು ಅಂಕಿಯ ಸಹಿತ ಬಾಯಿಪಾಠ ಮಾಡಿದನು. ಪರೀಕ್ಷೆಯಿಂದ ಹಿಂದಿರುಗಿ ಬಂದವನು ಸಪ್ಪೆಯ ಮುಖದಿಂದ, “ಗುರುಗಳೇ, ಅವರು ಕಲಮನ್ನು ಕೇಳಲಿಲ್ಲ. ಸಂದರ್ಭವನ್ನು ಹೇಳಿ, ಏನು ಮಾಡುವಿ ಎಂದು ಕೇಳಿದರು” ಎಂದನು. ಅವನಿಗೆ ಹುದ್ದೆ ದೊರೆಯಲಿಲ್ಲ. ಕಂಠಪಾಠವು ವಿದ್ಯೆಯ ಬಾಗಿಲೇ ಹೊರತು ಮನೆಯಲ್ಲವೆಂಬುದನ್ನು ನಾನು ಸಂಸ್ಕೃತದ ತರಗತಿಯಲ್ಲಿ ದಿನವೂ ಹೇಳುತ್ತಿದ್ದೆನು; ಕಾಯಿದೆಯ ವಿಷಯದಲ್ಲಿ ಮಾತ್ರ ಮರೆತಿದ್ದೆನು.

ಭಾನುವಾರ ತಂದೆಮಗಳು ಬಂದರು. ಅವಳ ಕೈಯಲ್ಲಿ ನಾಲ್ಕು ದಪ್ಪ ನೋಟುಪುಸ್ತಕಗಳು. ಎಲ್ಲವೂ ಕೆಂಪು, ನೀಲಿ ಗೆರೆಗಳಿಂದ ತುಂಬಿದ್ದವು. ನಾನು ೨೩ನೆಯ ಕಲಮನ್ನು ಹೇಳೆಂದೆನು. ಮಾದರಿ ತೆಗೆಯುವ ಕ್ರಮವನ್ನು ತಿಳಿಸುವ ಕಲಮದು. ಅವಳು ಒಂದು ಅಕ್ಷರವನ್ನೂ ಬಿಡದೆ ಹೇಳಿದಳು: ಪರಿವೀಕ್ಷಕನು ಮಾದರಿಗೆ ನ್ಯಾಯವಾದ ಬೆಲೆಯನ್ನು ಕೊಡಮಾಡತಕ್ಕದ್ದು, ಪರೀಕ್ಷೆಗಾಗಿ ತೆಗೆಯುತ್ತಿರುವೆನೆಂದು ಬರೆದು ತಿಳಿಸತಕ್ಕದ್ದು, ಅಂಗಡಿಯವನ ಸಮಕ್ಷಮದಲ್ಲಿಯೇ ಮಾದರಿಯನ್ನು ನಾಲ್ಕು ಭಾಗ ಮಾಡಿ ಸೀಲು ಹಾಕಿ ಗುರುತು ಮಾಡತಕ್ಕದ್ದು, ಅಂಗಡಿಯವನು ತನ್ನ ಸೀಲನ್ನೂ ಹಾಕುವೆನೆಂದರೆ ಅದಕ್ಕೆ ಅವಕಾಶ ಕೊಡತಕ್ಕದ್ದು.

“ಸರಿ, ಮಗಳೇ. ನಾಲ್ಕೇ ಭಾಗವೇಕೆ?” ಎಂದು ಕೇಳಿದೆನು.

ಅವಳು ತಡೆದಳು. “ಕಾಯಿದೆಯಲ್ಲಿ ಹಾಗೆ ಹೇಳಿದೆ, ಮೇಷ್ಟ್ರೇ” ಎಂದಳು.

ನಮ್ಮ ಹಿರಿಯರು ಒಂದು ಸೂತ್ರವನ್ನು ಪಾಠ ಹೇಳುವಾಗ ಮೊದಲು ಪದಗಳನ್ನು ಬಿಡಿಸುವರು. ಬಳಿಕ ಪದಗಳ ಅರ್ಥ, ಅನ್ವಯ, ಉದಾಹರಣೆ. ಅನಂತರ ತಾವೇ ಆಕ್ಷೇಪವನ್ನು ಎತ್ತಿ ತಾವೇ ಸಮಾಧಾನವನ್ನು ಹೇಳುವರು. ಆಕ್ಷೇಪವನ್ನು ಎತ್ತಲಾರದವನು ಸೂತ್ರವನ್ನು ಓದಿದವನಲ್ಲ. ಈ ಕ್ರಮವನ್ನು ಅವಳಿಗೆ ವಿವರಿಸುತ್ತಿರುವಾಗ, ಬಾಗಿಲ ಬಳಿ ಕುಳಿತಿದ್ದ ತಂದೆಯು ಮೆಲ್ಲಗೆ ಬಾಯಿ ಹಾಕಿದರು.

“ನಮ್ಮ ಅಂಗಡಿಯಲ್ಲಿ ಶೇಂಗಾದ ಮಾದರಿ ತೆಗೆಯುವಾಗಲೂ ಹೀಗೆಯೇ, ಮೇಷ್ಟ್ರೇ. ಚೀಲದ ಮೇಲಿಂದಷ್ಟೇ ತೆಗೆದರೆ ರೈತ ಒಪ್ಪುವುದಿಲ್ಲ, ಕೆಳಗಿಂದಷ್ಟೇ ತೆಗೆದರೆ ಖರೀದಿದಾರ ಒಪ್ಪುವುದಿಲ್ಲ. ಎಲ್ಲ ಕಡೆಯಿಂದಲೂ ತೆಗೆದು ಕೂಡಿಸಿ, ಇಬ್ಬರ ಎದುರಿಗೇ ಗಂಟು ಕಟ್ಟುತ್ತೇವೆ. ಒಂದು ಗಂಟು ಖರೀದಿದಾರನಿಗೆ, ಒಂದು ರೈತನಿಗೆ, ಒಂದು ನಮ್ಮ ಹತ್ತಿರ. ನಾಳೆ ಜಗಳ ಬಂದರೆ ನಮ್ಮ ಹತ್ತಿರದ ಗಂಟನ್ನು ಬಿಚ್ಚುತ್ತೇವೆ. ಒಬ್ಬರ ಕೈಯಲ್ಲಿಯೇ ಎಲ್ಲ ಮಾದರಿ ಇದ್ದರೆ ಅದನ್ನು ನಂಬುವವರಾರು?”

ಹುಡುಗಿಯು ತಂದೆಯ ಮುಖವನ್ನು ನೋಡಿದಳು. ಎರಡು ವರ್ಷಗಳಲ್ಲಿ ಮೊದಲ ಸಲ ಆ ಮನೆಯಲ್ಲಿ ಇಬ್ಬರೂ ಒಂದೇ ವಿಷಯವನ್ನು ಮಾತನಾಡಿದರೆಂದು ನನಗೆ ತೋರಿತು. ಬಳಿಕ ಅವಳೇ ಹೇಳತೊಡಗಿದಳು. ಒಂದು ಭಾಗವು ಅಂಗಡಿಯವನಿಗೆ, ಆತನು ತನ್ನ ಪಕ್ಷವನ್ನು ಸಾಧಿಸಿಕೊಳ್ಳಲೆಂದು. ಒಂದು ಸರ್ಕಾರದ ವಿಶ್ಲೇಷಕನಿಗೆ, ಪರೀಕ್ಷಿಸಲೆಂದು. ಒಂದು ನ್ಯಾಯಾಲಯಕ್ಕೆ, ವಿವಾದ ಬಂದಾಗ ಬಿಚ್ಚಲೆಂದು. ಇನ್ನೊಂದು, ಈ ಮಾಲನ್ನು ಇಂಥವರಿಂದ ಕೊಂಡೆನೆಂದು ಅಂಗಡಿಯವನು ಯಾರ ಹೆಸರನ್ನು ಹೇಳುವನೋ ಅವರಿಗೆ. ಅವರ ಬೆನ್ನ ಹಿಂದೆ ಅವರ ಮೇಲೆ ಅಪರಾಧವನ್ನು ಹೊರಿಸಬಾರದೆಂದು.

“ಹಾಗಾದರೆ ತಯಾರಿಸುವ ಕಾರ್ಖಾನೆಯಲ್ಲಿಯೇ ಮಾದರಿ ತೆಗೆದರೆ ಮೂರೇ ಭಾಗವೆಂದು ಏಕೆ ಹೇಳಿದೆ?” ಎಂದು ಆಕ್ಷೇಪವನ್ನು ಎತ್ತಿದೆನು. “ಮಾರಿದವನೂ ಮಾಡಿದವನೂ ಅಲ್ಲಿ ಒಬ್ಬನೇ” ಎಂದು ಸಮಾಧಾನವನ್ನು ತಡವಿಲ್ಲದೆ ಹೇಳಿದಳು. “ರಿಂಗರ್ ಲ್ಯಾಕ್ಟೇಟಿನ ಸೀಸೆಯನ್ನು ಹೇಗೆ ನಾಲ್ಕು ಭಾಗ ಮಾಡುವಿ?” ಎಂದೆನು. “ಮಾಡಬಾರದು. ತೆರೆದರೆ ಗಾಳಿ ಸೋಕಿ ಅದರ ನಿರ್ಜಂತುತ್ವವೇ ಹೋಗುತ್ತದೆ. ಮುಚ್ಚಿದ ಸೀಸೆಗಳನ್ನೇ ಗುರುತು ಮಾಡಿ ತೆಗೆಯಬೇಕು. ಅದಕ್ಕೂ ಕಾಯಿದೆಯಲ್ಲಿ ಅವಕಾಶವಿದೆ” ಎಂದಳು. “ವಿಶ್ಲೇಷಕನ ವರದಿಯನ್ನು ಅಂಗಡಿಯವನು ಒಪ್ಪದಿದ್ದರೆ?” “ವರದಿಯ ಪ್ರತಿ ತಲುಪಿದ ಇಪ್ಪತ್ತೆಂಟು ದಿನಗಳೊಳಗೆ ಬರೆದು ತಿಳಿಸಬೇಕು. ಆಗ ನ್ಯಾಯಾಲಯವು ತನ್ನಲ್ಲಿರುವ ಭಾಗವನ್ನು ಕೇಂದ್ರದ ಪ್ರಯೋಗಶಾಲೆಗೆ ಕಳುಹಿಸಬಹುದು. ಅಲ್ಲಿನ ವರದಿಯೇ ಕೊನೆಯದು.” ಅಕ್ಷರಗಳೆಲ್ಲವೂ ಅವಳಲ್ಲಿ ಮೊದಲೇ ಇದ್ದವು, ಅರ್ಥವು ಈಗ ಕೂಡಿತು.

ಈ ಒಂದು ಕಲಮನ್ನು ಇಷ್ಟು ವಿಸ್ತರಿಸಿದುದಕ್ಕೆ ಕಾರಣವಿದೆ. ಮಾದರಿಯ ಸೀಲು ಸಡಿಲವಾದರೆ ವಿಷ ಮಾರಿದವನು ನ್ಯಾಯಾಲಯದಿಂದ ನಗುತ್ತ ಹೊರಬರುವನು. ಕ್ರಮ ತಪ್ಪಿದರೆ ನಿರಪರಾಧಿಯಾದ ಸಣ್ಣ ಅಂಗಡಿಯವನು ಹಾಳಾಗುವನು. ಎರಡೂ ಪರಿವೀಕ್ಷಕನ ಕೈಯಲ್ಲಿವೆ.

ಉಳಿದ ಪಾಠಗಳನ್ನೂ ಇದೇ ರೀತಿಯಲ್ಲಿ ಓದಬೇಕು. ಕೆಲವನ್ನು ಸೂಚಿಸುವೆನು.

ಮೊದಲನೆಯದಾಗಿ, ಲಕ್ಷಣಗಳ ಭೇದ. ೧೭, ೧೭-ಎ, ೧೭-ಬಿ ಎಂಬ ಮೂರು ಕಲಮುಗಳು ಮೂರು ಬಗೆಯ ದುಷ್ಟ ಔಷಧಗಳನ್ನು ಹೇಳುತ್ತವೆ. ಲೇಬಲ್ಲು ನಿಯಮದಂತಿಲ್ಲದಿದ್ದರೆ, ಅಥವಾ ಸುಳ್ಳು ಗುಣವನ್ನು ಸಾರಿದರೆ, ಅಥವಾ ಕೆಟ್ಟುದನ್ನು ಮರೆಮಾಡಲು ಬಣ್ಣವನ್ನೋ ಲೇಪವನ್ನೋ ಕೊಟ್ಟಿದ್ದರೆ ಅದು ತಪ್ಪುನಾಮದ ಔಷಧ. ಕೊಳೆತ ವಸ್ತುವಿದ್ದರೆ, ಅಶುಚಿಯಾದ ಸ್ಥಳದಲ್ಲಿ ತಯಾರಾಗಿದ್ದರೆ, ವಿಷದ್ರವ್ಯವು ಬೆರೆತಿದ್ದರೆ ಅದು ಕಲಬೆರಕೆಯ ಔಷಧ. ಇನ್ನೊಂದು ಔಷಧದ ಹೆಸರನ್ನೋ ಇನ್ನೊಬ್ಬ ತಯಾರಕನ ಹೆಸರನ್ನೋ ಹೊತ್ತು ಬಂದಿದ್ದರೆ, ಅಥವಾ ಲೇಬಲ್ಲಿನ ಮೇಲಿರುವ ತಯಾರಕನು ಭೂಮಿಯ ಮೇಲೆಯೇ ಇಲ್ಲದಿದ್ದರೆ ಅದು ನಕಲಿ ಔಷಧ. ಕಲಬೆರಕೆಯ ಅಥವಾ ನಕಲಿ ಔಷಧದಿಂದ ಸಾವು ಸಂಭವಿಸಿದರೆ ಹತ್ತು ವರ್ಷಗಳಿಗೆ ಕಡಮೆಯಿಲ್ಲದೆ ಆಜೀವ ಪರ್ಯಂತ ಸೆರೆಮನೆಯ ಶಿಕ್ಷೆಯನ್ನು ೨೦೦೮ರ ತಿದ್ದುಪಡಿಯು ವಿಧಿಸಿದೆ. ವಿದ್ಯಾರ್ಥಿಯು ಪ್ರತಿ ಲಕ್ಷಣಕ್ಕೂ ತನ್ನದೇ ಆದ ಒಂದು ಉದಾಹರಣೆಯನ್ನು ಕಲ್ಪಿಸಿ ಬರೆಯಬೇಕು. ಆಗ ಸಂದರ್ಭವನ್ನು ಕೇಳಿದರೂ ತಬ್ಬಿಬ್ಬಾಗುವುದಿಲ್ಲ.

ಎರಡನೆಯದು ಅನುಸೂಚಿಗಳು. ಇವುಗಳ ಅಕ್ಷರಮಾಲೆಯೇ ಮಕ್ಕಳ ತಲೆಯನ್ನು ತಿನ್ನುತ್ತದೆ. ಅದಕ್ಕೆ ಮದ್ದು, ಅಕ್ಷರವನ್ನು ಮನೆಯ ವಸ್ತುವಿನೊಡನೆ ಬೆಸೆಯುವುದು. ವೈದ್ಯರ ಚೀಟಿಯಿಲ್ಲದೆ ಮಾರಬಾರದವು ಎಚ್ ಅನುಸೂಚಿಯವು. ಅವುಗಳಲ್ಲಿಯೂ ಹೆಚ್ಚಿನ ಎಚ್ಚರವು ಬೇಕಾದ ೪೬ ಔಷಧಗಳನ್ನು ಆರಿಸಿ ೨೦೧೩ರಲ್ಲಿ ಎಚ್-೧ ಅನುಸೂಚಿಯನ್ನು ಮಾಡಿದರು. ಕ್ಷಯರೋಗದ ಔಷಧಗಳೂ ಕೆಲವು ಪ್ರಬಲವಾದ ಜೀವಿನಿರೋಧಕಗಳೂ ಇದರಲ್ಲಿವೆ. ಇವನ್ನು ಕೊಂಡವರ ಮತ್ತು ಬರೆದುಕೊಟ್ಟ ವೈದ್ಯರ ಹೆಸರನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಒಳ್ಳೆಯ ತಯಾರಿಕೆಯ ವಿಧಾನವು ಎಂ ಅನುಸೂಚಿಯಲ್ಲಿದೆ. ಇಂಥ ರೋಗವನ್ನು ಗುಣಪಡಿಸುವೆನೆಂದು ಔಷಧವು ಸಾರಬಾರದೆಂಬ ಪಟ್ಟಿಯು ಜೆ ಅನುಸೂಚಿಯಲ್ಲಿದೆ. ಕೆ ಅನುಸೂಚಿಯಲ್ಲಿ ವಿನಾಯಿತಿಗಳಿವೆ: ಸಾವಿರಕ್ಕೆ ಮೀರದ ಜನಸಂಖ್ಯೆಯ ಹಳ್ಳಿಯಲ್ಲಿ ತಲೆನೋವಿನ ಮಾತ್ರೆ, ನೋವಿನ ಮುಲಾಮು ಮೊದಲಾದ ಕೆಲವು ಮನೆಮದ್ದುಗಳನ್ನು ಮುಚ್ಚಿದ ಪೊಟ್ಟಣದಲ್ಲಿಯೇ ಮಾರಲು ಲೈಸೆನ್ಸು ಬೇಕಾಗಿಲ್ಲ. ಕೂಡ್ಲಿಗಿಯ ಕಡೆಯ ಸಣ್ಣ ಹಳ್ಳಿಯ ಕಿರಾಣಿ ಅಂಗಡಿಯನ್ನು ಮನಸ್ಸಿಗೆ ತಂದುಕೊಂಡರೆ ಈ ವಿನಾಯಿತಿಯ ಕಾರಣವೂ ಅದರ ಎಲ್ಲೆಯೂ ತಾನಾಗಿಯೇ ತಿಳಿಯುತ್ತವೆ.

ಮೂರನೆಯದು, ನನಗೆ ಪ್ರಿಯವಾದದ್ದು. ೧೯೬೪ರ ತಿದ್ದುಪಡಿಯಿಂದ ಈ ಶಾಸನದಲ್ಲಿ ಆಯುರ್ವೇದಾದಿ ಔಷಧಗಳಿಗೆ ಬೇರೊಂದು ಅಧ್ಯಾಯವು ಸೇರಿತು. ಯಾವ ಗ್ರಂಥದಲ್ಲಿ ಹೇಳಿದ ಯೋಗವು ಶಾಸ್ತ್ರೋಕ್ತವೆಂದು ಗಣ್ಯವಾಗತಕ್ಕದ್ದೆಂಬ ಪಟ್ಟಿಯು ಮೊದಲನೆಯ ಅನುಸೂಚಿಯಲ್ಲಿದೆ. ಚರಕಸಂಹಿತೆ, ಸುಶ್ರುತಸಂಹಿತೆ, ಅಷ್ಟಾಂಗಹೃದಯ, ಶಾರ್ಙ್ಗಧರಸಂಹಿತೆ, ಭಾವಪ್ರಕಾಶ ಇವೆಲ್ಲವೂ ಅಲ್ಲಿವೆ. ನಮ್ಮ ಪ್ರಾಚೀನ ಗ್ರಂಥಗಳ ಹೆಸರುಗಳು ಈ ದೇಶದ ಕಾಯಿದೆಯ ಪುಟದಲ್ಲಿ ನಿಂತಿರುವುದನ್ನು ಕಂಡು ಸಂತೋಷವಾಯಿತು. ಮೂಲಿಕೆಯ ಹೆಸರಿನಲ್ಲಿ ಏನನ್ನಾದರೂ ಮಾರಬಹುದೆಂಬ ಭ್ರಾಂತಿಯು ಇದರಿಂದ ನಿವಾರಣೆಯಾಗಬೇಕು.

ಇವಲ್ಲದೆ ಫಾರ್ಮಸಿಯ ಮೂಲಪಾಠಗಳಿವೆ: ಔಷಧ ರಸಾಯನ, ಔಷಧಗುಣಶಾಸ್ತ್ರ, ವಿಶ್ಲೇಷಣೆ, ಸೂಕ್ಷ್ಮಜೀವಿಗಳು, ನಿರ್ಜಂತುತ್ವದ ಪರೀಕ್ಷೆಗಳು. ಕಾಲೇಜಿನಲ್ಲಿ ಒಮ್ಮೆ ಪಾಸಾದೆವೆಂದು ಇವನ್ನು ಕಟ್ಟಿಡಬಾರದು. ಸಾಮಾನ್ಯ ಜ್ಞಾನಕ್ಕೆ ದಿನಪತ್ರಿಕೆಯನ್ನು ನಿತ್ಯವೂ ಓದಬೇಕು. ಕನ್ನಡವನ್ನು ಅಲಕ್ಷಿಸುವುದು ಇಂಗ್ಲಿಷಿನಲ್ಲಿ ಪದವಿ ಪಡೆದ ನಮ್ಮ ಮಕ್ಕಳ ದೊಡ್ಡ ದೋಷ. ಹಳ್ಳಿಯ ಅಂಗಡಿಯವನಿಗೆ ಅವನ ತಪ್ಪನ್ನು ಅವನ ಭಾಷೆಯಲ್ಲಿ ತಿಳಿಯುವಂತೆ ಬರೆಯಲಾರದ ಅಧಿಕಾರಿಯಿಂದ ಪ್ರಯೋಜನವೇನು? ದಿನಕ್ಕೆ ಒಂದು ಪುಟವನ್ನು ಶುದ್ಧ ಕನ್ನಡದಲ್ಲಿ ಬರೆಯುವ ಅಭ್ಯಾಸವನ್ನು ಇಟ್ಟುಕೊಳ್ಳಲಿ.

ಇನ್ನು ಆ ಸರ್ಟಿಫಿಕೇಟಿನ ಮಾತು. ತಂದೆಯು ಅದನ್ನು ಮಗಳ ಎದುರಿನಲ್ಲಿ ಎತ್ತಲು ಸಂಕೋಚಪಟ್ಟರು, ನಾನೇ ಎತ್ತಿದೆನು. ಹೀಗೊಂದು ಪದ್ಧತಿಯು ಹಲವು ಕಡೆ ನಡೆಯುತ್ತಿರುವುದನ್ನು ಓದುಗರಲ್ಲಿಯೂ ಕೆಲವರು ಬಲ್ಲರು. ಗೋಡೆಯ ಮೇಲೆ ಒಬ್ಬರ ಹೆಸರು, ಗಲ್ಲಾದ ಹಿಂದೆ ಇನ್ನೊಬ್ಬರು. ಫಾರ್ಮಸಿ ಶಾಸನದ ೪೨ನೆಯ ಕಲಮು ನೋಂದಾಯಿತ ಫಾರ್ಮಸಿಸ್ಟನ ಹೊರತು ಬೇರೆಯವರು ವೈದ್ಯರ ಚೀಟಿಗೆ ಔಷಧವನ್ನು ಕೊಡಬಾರದೆನ್ನುತ್ತದೆ. ಔಷಧ ನಿಯಮಗಳಲ್ಲಿ ೬೫ನೆಯದು ಅವನ ಸ್ವಂತ ಮೇಲ್ವಿಚಾರಣೆಯು ಬೇಕೆನ್ನುತ್ತದೆ. ಇದರ ಕಾರಣವನ್ನೂ ಕೇಳಿಕೊಳ್ಳೋಣ. ವೈದ್ಯರ ಬರಹವು ಅಸ್ಪಷ್ಟ. ಒಂದಕ್ಕೊಂದು ಹೋಲುವ ಹೆಸರುಗಳು ಅನೇಕ. ಪ್ರಮಾಣವು ಹತ್ತುಪಟ್ಟು ತಪ್ಪುವುದು ಒಂದು ಚುಕ್ಕೆಯ ವ್ಯತ್ಯಾಸದಿಂದ. ಚೀಟಿಗೂ ರೋಗಿಯ ಬಾಯಿಗೂ ನಡುವೆ ಓದಿದ ಎರಡು ಕಣ್ಣುಗಳಿರಲೆಂದು ಶಾಸನವು ಬಯಸಿತು. ಸರ್ಟಿಫಿಕೇಟನ್ನು ಬಾಡಿಗೆಗೆ ಕೊಟ್ಟವರು ಆ ಕಣ್ಣುಗಳನ್ನು ಕಿತ್ತು ಗೋಡೆಗೆ ತೂಗುಹಾಕಿದಂತಾಯಿತು.

ಹುಡುಗಿಯು ತಂದೆಯ ಕಡೆಗೆ ತಿರುಗಿ, “ಅಪ್ಪಾ, ನಾಳೆ ನಾನು ಇನ್‌ಸ್ಪೆಕ್ಟರಾದರೆ ಆ ಅಂಗಡಿಗೆ ಯಾವ ಮುಖವಿಟ್ಟುಕೊಂಡು ಹೋಗಲಿ?” ಎಂದಷ್ಟೇ ಕೇಳಿದಳು. ತಂದೆಯು ತಲೆ ತಗ್ಗಿಸಿ, “ತೂಕದಲ್ಲಿ ಒಂದು ದಿನವೂ ಮೋಸ ಮಾಡಿದವನಲ್ಲ, ಮೇಷ್ಟ್ರೇ. ಇದು ಮೋಸವೆಂದು ನನಗೆ ಹೊಳೆಯಲಿಲ್ಲ” ಎಂದರು. ಆ ಮಾತು ನಿಜವೆಂದು ನಾನು ನಂಬಿದ್ದೇನೆ. ಕಷ್ಟಕಾಲದಲ್ಲಿ ತಪ್ಪು ನಮ್ಮ ಮನೆಗೆ ತಪ್ಪಿನ ವೇಷದಲ್ಲಿ ಬರುವುದಿಲ್ಲ. ಉಪಕಾರದ ವೇಷದಲ್ಲಿ ಬರುತ್ತದೆ.

ಆದರೆ ಬರಿಯ ನೀತಿಯಿಂದ ಮನೆಯ ಒಲೆ ಉರಿಯುವುದಿಲ್ಲ. ಈ ಹುದ್ದೆಗಳಿಗೆ ಆಯೋಗದ ಕರೆಯು ಪ್ರತಿವರ್ಷವೂ ಬರತಕ್ಕದ್ದಲ್ಲ. ೨೦೧೮ರಲ್ಲಿ ಅರ್ಜಿಗಳನ್ನು ಕರೆದ ಮೇಲೆ ಆಯ್ಕೆಯು ವ್ಯಾಜ್ಯಗಳಲ್ಲಿ ಸಿಕ್ಕಿ ವರ್ಷಗಟ್ಟಲೆ ತಡೆದದ್ದುಂಟು. ಅಧಿಕಾರಿಗಳು ಬೇಕಿಲ್ಲವೆಂದಲ್ಲ. ಇನ್ನೂರು ಔಷಧದಂಗಡಿಗಳಿಗೆ ಒಬ್ಬ, ಐವತ್ತು ಕಾರ್ಖಾನೆಗಳಿಗೆ ಒಬ್ಬ ಪರಿವೀಕ್ಷಕನಿರಬೇಕೆಂದು ಮಾಶೇಲ್ಕರ್ ಸಮಿತಿಯು ೨೦೦೩ರಲ್ಲಿಯೇ ಹೇಳಿತು. ಆದರೂ ಕರೆಯ ದಿನವು ನಮ್ಮ ಕೈಯಲ್ಲಿಲ್ಲ. ಹೀಗಿರುವಾಗ ಮಕ್ಕಳು ಕೆಲಸವನ್ನೂ ಬಿಟ್ಟು, ಹೊರಜಗತ್ತನ್ನೂ ಬಿಟ್ಟು ಕೋಣೆಯಲ್ಲಿ ಕುಳಿತಿರುವುದು ವಿವೇಕವಲ್ಲ.

ಆದುದರಿಂದ ಗೃಹಸ್ಥರಿಗೆ ನನ್ನ ಸಲಹೆಗಳು ಇಷ್ಟು. ಒಂದು: ಓದುವ ಮಗನಾಗಲಿ ಮಗಳಾಗಲಿ ತನ್ನ ವಿದ್ಯೆಗೆ ಸೇರಿದ ಉದ್ಯೋಗವೊಂದನ್ನು ಹಿಡಿಯಲಿ. ಔಷಧದಂಗಡಿಯಲ್ಲಿ ಕೈಯಾರೆ ಕೆಲಸ ಮಾಡಿದವರಿಗೆ ರಿಜಿಸ್ಟರು, ಬಿಲ್ಲು, ಅವಧಿ ಮುಗಿದ ಮಾಲು, ಇವೆಲ್ಲವೂ ಪಾಠಗಳೇ. ಇನ್ಸುಲಿನ್ನನ್ನು ಎರಡರಿಂದ ಎಂಟು ಡಿಗ್ರಿಯೊಳಗೆ ಇಡಬೇಕೆಂಬುದನ್ನು ಪುಸ್ತಕದಲ್ಲಿ ಓದುವುದು ಬೇರೆ. ನಮ್ಮ ಸೀಮೆಯ ಚೈತ್ರಮಾಸದ ಬಿಸಿಲಿನಲ್ಲಿ ವಿದ್ಯುತ್ತು ಹೋದಾಗ ಅದನ್ನು ಕಾಪಾಡುವುದು ಬೇರೆ. ಕಾರ್ಖಾನೆಯಲ್ಲಿಯೋ ಪರೀಕ್ಷಾ ಪ್ರಯೋಗಶಾಲೆಯಲ್ಲಿಯೋ ಕೆಲಸ ದೊರೆತರೆ ಇನ್ನೂ ಉತ್ತಮ. ಆ ಅನುಭವಕ್ಕೆ ನಿಯಮದಲ್ಲಿಯೇ ಬೆಲೆಯಿದೆ. ಎರಡು: ಓದಿಗೆ ದಿನಕ್ಕೆ ನಾಲ್ಕು ಗಂಟೆಗಳನ್ನು ಮೀಸಲಿಡಿರಿ, ಆ ನಾಲ್ಕು ಗಂಟೆ ಮನೆಗೆಲಸಕ್ಕೂ ನೆಂಟರಿಗೂ ಕರೆಯಬೇಡಿರಿ. ಹೆಣ್ಣುಮಕ್ಕಳ ವಿಷಯದಲ್ಲಿ ಈ ಮಾತನ್ನು ಒತ್ತಿ ಹೇಳುವೆನು. ಮೂರು: ಇಷ್ಟು ವರ್ಷಗಳೆಂದು ಗಡುವನ್ನು ಮಕ್ಕಳೊಡನೆ ಕೂಡಿ ನಿಶ್ಚಯಿಸಿರಿ; ಗಡುವಿನ ತನಕ ಚುಚ್ಚುಮಾತು ಬೇಡ. ನಾಲ್ಕು: ಹುದ್ದೆಯನ್ನು ಕೊಡಿಸುವೆನೆಂದು ಹಣ ಕೇಳುವವನು ಯಾರೇ ಆಗಿರಲಿ, ಹೊಸ್ತಿಲು ದಾಟಿಸಬೇಡಿರಿ. ಐದು: ಮಕ್ಕಳ ಪಾಠವನ್ನು ವಾರಕ್ಕೊಮ್ಮೆ ಕುಳಿತು ಕೇಳಿರಿ. ನಮಗೇನು ತಿಳಿಯುತ್ತದೆಂದು ಹಿಂಜರಿಯಬೇಡಿರಿ. ಶೇಂಗಾದ ಗಂಟು ಕಟ್ಟಿದವರಿಗೆ ತಿಳಿದದ್ದು ವ್ಯಾಕರಣ ಓದಿದ ನನಗೆ ತಿಳಿದಿರಲಿಲ್ಲ.

ಈ ಶಾಸನದಲ್ಲಿ ನಮಗೂ ಒಂದು ಪಾಲಿದೆಯೆಂಬುದನ್ನು ಹೇಳದೆ ಮುಗಿಸಲಾರೆನು. ೨೬ನೆಯ ಕಲಮಿನಂತೆ, ಔಷಧವನ್ನು ಕೊಂಡ ಯಾರೇ ಆಗಲಿ, ನಿಗದಿಯಾದ ಶುಲ್ಕವನ್ನು ತೆತ್ತು ಅದನ್ನು ಸರ್ಕಾರದ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ, ಅವರ ಸಹಿಯುಳ್ಳ ವರದಿಯನ್ನು ಪಡೆಯಬಹುದು. ಇದಕ್ಕೆ ಬೇಕಾದ ಮೊದಲ ಸಾಧನವೆಂದರೆ ಬಿಲ್ಲು. ಹತ್ತು ರೂಪಾಯಿಯ ಮಾತ್ರೆಗೂ ಬಿಲ್ಲನ್ನು ಕೇಳಿ ಪಡೆಯಿರಿ. ಪೊಟ್ಟಣದ ಮೇಲಿನ ಬ್ಯಾಚು ಸಂಖ್ಯೆ, ತಯಾರಿಸಿದ ಮತ್ತು ಮುಗಿಯುವ ತಿಂಗಳು, ತಯಾರಕರ ವಿಳಾಸ ಇವನ್ನು ಓದಿ ನೋಡಿರಿ. ಮಾತ್ರೆಯ ಹಾಳೆಯನ್ನು ಕತ್ತರಿಸಿಕೊಡುವಾಗ ಆ ಅಕ್ಷರಗಳಿರುವ ತುಂಡು ಯಾರ ಪಾಲಿಗೆ ಹೋಯಿತೆಂದು ಗಮನಿಸಿರಿ. ಪರಿವೀಕ್ಷಕನು ವರ್ಷಕ್ಕೊಮ್ಮೆ ಆ ಅಂಗಡಿಗೆ ಬರಬಹುದು. ನಾವು ತಿಂಗಳಿಗೆ ನಾಲ್ಕು ಸಲ ಹೋಗುತ್ತೇವೆ.

ಆ ಹುಡುಗಿಯು ಈಗ ಹಗರಿಬೊಮ್ಮನಹಳ್ಳಿಯ ಒಂದು ಔಷಧದಂಗಡಿಯಲ್ಲಿ ಕೆಲಸಕ್ಕೆ ಸೇರಿರುವಳು. ಬೆಳಗಿನ ಬಸ್ಸಿಗೆ ಹೋಗಿ ಸಾಯಂಕಾಲ ಬರುವಳು. ಗೋಡೆಯ ಮೇಲೆ ಅವಳ ಹೆಸರಿದೆ. ಅದರ ಕೆಳಗೆ ಅವಳೇ ನಿಂತಿರುವಳು. ಪರೀಕ್ಷೆಯ ಕರೆಯು ಇನ್ನೂ ಬಂದಿಲ್ಲ. ಮೂರು ವರ್ಷಗಳ ಗಡುವನ್ನು ತಂದೆಮಗಳು ಕೂಡಿಯೇ ಹಾಕಿಕೊಂಡಿದ್ದಾರೆ. ಹಡಗಲಿಯವರಿಗೂ ಹಾಗೆಯೇ ತಿಳಿಸಿದ್ದಾರೆ, ಅವರ ಉತ್ತರ ಬಂದಿಲ್ಲ. ಪ್ರತಿ ಭಾನುವಾರ ಇಬ್ಬರೂ ನಮ್ಮ ಜಗುಲಿಗೆ ಬರುತ್ತಾರೆ. ಕಲಮನ್ನು ಅವಳು ಹೇಳುತ್ತಾಳೆ, ಅರ್ಥವನ್ನು ನಾನು ಕೇಳುತ್ತೇನೆ, ಆಕ್ಷೇಪವನ್ನು ಎತ್ತುವವರು ಅವಳ ತಂದೆ.

ಅವಳು ತೇರ್ಗಡೆಯಾಗುವಳೋ ಇಲ್ಲವೋ ಅದು ದೈವಾಧೀನ. ಆದರೆ ಅವಳ ಕೈಯಿಂದ ಔಷಧ ಕೊಂಡ ಮನೆಗಳಲ್ಲಿ ರೋಗಿಯು ನಿಶ್ಚಿಂತೆಯಿಂದ ಅದನ್ನು ಕುಡಿಯಬಹುದು. ನಮ್ಮ ಐದು ತಾಲ್ಲೂಕುಗಳಲ್ಲಿ ಇಂಥ ಮಕ್ಕಳು ಹೆಚ್ಚಲಿ ಎಂದು ಹಾರೈಸಿ ಈ ತಿಂಗಳ ಮಾತನ್ನು ಮುಗಿಸುವೆನು.